ಐಸ್ ಬಾಕ್ಸ್‌ನಲ್ಲಿ ಏರಿದ ಪೊಟ್ಯಾಶಿಯಂ

ನಾನು ಹಾವೇರಿ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮಲ್ಲಿಗೆ ನೇರವಾಗಿ ಬಂದು ರಕ್ತ ಕೊಡುವವರು ಇರುತ್ತಾರೆ. ಸುತ್ತಲಿನ ಹಳ್ಳಿಗಳ ಕಲೆಕ್ಷನ್ ಸೆಂಟರ್‌ಗಳಿಂದಲೂ ಸ್ಯಾಂಪಲ್ ಬರುತ್ತದೆ. ಕೆಲವು ಬೈಕಿನಲ್ಲಿ, ಕೆಲವು ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು. ರಿಪೋರ್ಟ್ ತಪ್ಪು ಬಂತು ಅಂದರೆ ಜನ ಮೊದಲು ಬೈಯುವುದು ಮಷೀನಿಗೆ. ಆದರೆ ಮಷೀನಿಗೆ ನಾವು ದಿನಾ ಬೆಳಿಗ್ಗೆ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಹಾಕಿ ನೋಡುತ್ತೇವೆ. ರಕ್ತ ತೆಗೆದ ಮೇಲೆ ಮಷೀನಿಗೆ ಬರುವವರೆಗಿನ ದಾರಿಗೆ ಕಂಟ್ರೋಲ್ ಯಾರು ಹಾಕುತ್ತಾರೆ? ಲ್ಯಾಬಿನ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ಆ ದಾರಿಯಲ್ಲೇ.

ನನಗೆ ಇದರ ಹುಚ್ಚು ಹಿಡಿದದ್ದು ಪೊಟ್ಯಾಶಿಯಂನಿಂದ. ಒಂದು ಸೆಂಟರ್‌ನಿಂದ ಬರುವ ಸ್ಯಾಂಪಲ್‌ಗಳಲ್ಲಿ ಮಾತ್ರ ಪೊಟ್ಯಾಶಿಯಂ ಮತ್ತೆ ಮತ್ತೆ 5.8, 6.1 ಅಂತ ಬರುತ್ತಿತ್ತು. ಇರಬೇಕಾದದ್ದು 3.5ರಿಂದ 5ರ ಆಸುಪಾಸು. 6 ದಾಟಿದರೆ ಡಾಕ್ಟರು ಹೃದಯದ ಚಿಂತೆ ಮಾಡುತ್ತಾರೆ, ಇಸಿಜಿ ಮಾಡಿಸುತ್ತಾರೆ. ಇಲ್ಲಿ ನೋಡಿದರೆ ಕಿಡ್ನಿ ತೊಂದರೆ ಇಲ್ಲದವರಿಗೂ ಅದೇ ಕಥೆ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ನಾರ್ಮಲ್. ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ನೀರು, ಸ್ವಚ್ಛ, ತಿಳಿ ಹಳದಿ.

ಆ ಸ್ವಚ್ಛ ಸೀರಮ್ಮೇ ದಾರಿ ತಪ್ಪಿಸುವುದು. ಕೆಂಪು ರಕ್ತಕಣದ ಒಳಗೆ ಪೊಟ್ಯಾಶಿಯಂ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ಕಣ ಒಡೆದರೆ ಅದು ಹೊರಗೆ ಸುರಿಯುತ್ತದೆ. ಆಗ ಸೀರಮ್ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕಣ ಒಡೆಯದೆಯೂ ಪೊಟ್ಯಾಶಿಯಂ ಸೋರಬಹುದು. ಕಣದ ಗೋಡೆಯಲ್ಲಿ ಒಂದು ಪಂಪ್ ಇದೆ. ಸೋಡಿಯಂ ಹೊರಗೆ ಹಾಕಿ ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುತ್ತಾ ಇರುವುದು ಅದರ ಕೆಲಸ. ತಂಪಿನಲ್ಲಿ ಆ ಪಂಪ್ ನಿಧಾನ ಆಗುತ್ತದೆ. ಕಣ ಗಟ್ಟಿಯಾಗೇ ಇರುತ್ತದೆ, ಪೊಟ್ಯಾಶಿಯಂ ಮಾತ್ರ ಸುಮ್ನೆ ಹೊರಗೆ ಬರುತ್ತಾ ಇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಓದಿದ್ದು ನೆನಪಿತ್ತು. ಆದರೂ ಒಮ್ಮೆ ನೋಡೋಣ ಅಂತ ನನ್ನದೇ ರಕ್ತ ತೆಗೆಸಿಕೊಂಡೆ. ಒಂದೇ ಸಲಕ್ಕೆ ಮೂರು ಕೆಂಪು ಮುಚ್ಚಳದ ಟ್ಯೂಬ್. ಒಂದನ್ನು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಟ್ಯೂಬನ್ನು ಜೋರಾಗಿ ತಿರುಗಿಸುವ ಸೆಂಟ್ರಿಫ್ಯೂಜ್‌ಗೆ ಹಾಕಿ ಸೀರಮ್ ಬೇರೆ ಮಾಡಿದೆ. ಇನ್ನೊಂದನ್ನು ಮೇಜಿನ ಮೇಲೆ ಇಟ್ಟೆ. ಮೂರನೆಯದು ಫ್ರಿಜ್‌ಗೆ. ಮೊದಲನೆಯದರಲ್ಲಿ ಪೊಟ್ಯಾಶಿಯಂ 4.2, ಶುಗರ್ 94. ನಾಲ್ಕು ಗಂಟೆ ಮೇಜಿನ ಮೇಲಿದ್ದ ಟ್ಯೂಬಿನಲ್ಲಿ ಪೊಟ್ಯಾಶಿಯಂ ಹೆಚ್ಚು ಕಡಿಮೆ ಅಷ್ಟೇ ಇತ್ತು, ಶುಗರ್ ಮಾತ್ರ 73ಕ್ಕೆ ಇಳಿದಿತ್ತು. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದ ಟ್ಯೂಬಿನ ಪೊಟ್ಯಾಶಿಯಂ ಬೆಳಿಗ್ಗೆ 6.3. ಸೀರಮ್ ಬಣ್ಣದಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಆ ಮೂರು ಟ್ಯೂಬನ್ನು ಸಾಲಾಗಿ ನಿಲ್ಲಿಸಿ ನಮ್ಮ ಹುಡುಗರಿಗೆ ತೋರಿಸಿದೆ. ಕ್ಲಾಸ್ ತೆಗೆದುಕೊಳ್ಳುವ ಕೆಲಸವೇ ಬೀಳಲಿಲ್ಲ.

ಆ ಸೆಂಟರ್‌ಗೆ ಹೋಗಿ ನೋಡಿದರೆ ಅಲ್ಲಿನ ಹುಡುಗ ಬಹಳ ಶಿಸ್ತಿನವನು. ಸಂಜೆ ತೆಗೆದ ರಕ್ತ ಕೆಡಬಾರದು ಅಂತ ಟ್ಯೂಬನ್ನು ಹಾಗೇ ಫ್ರಿಜ್‌ಗೆ ಇಟ್ಟು, ಬೆಳಿಗ್ಗೆ ಐಸ್ ಪ್ಯಾಕ್ ಹಾಕಿ ಬಸ್ಸಿಗೆ ಕೊಡುತ್ತಿದ್ದ. "ತಂಪಿದ್ರೆ ಒಳ್ಳೇದಲ್ವಾ ಅಣ್ಣಾ?" ಅಂದ. ಸೀರಮ್ ಬೇರೆ ಮಾಡಿ ಇಟ್ಟರೆ ಒಳ್ಳೆಯದೇ. ಕಣಗಳ ಜೊತೆ ಇಟ್ಟರೆ ಅಲ್ಲ. ಅವನಿಗೆ ಜೆಲ್ ಇರುವ ಹಳದಿ ಮುಚ್ಚಳದ ಟ್ಯೂಬ್ ಕೊಡಿಸಿದೆವು, ಒಂದು ಸಣ್ಣ ಸೆಂಟ್ರಿಫ್ಯೂಜನ್ನೂ ಅಲ್ಲೇ ಇಡಿಸಿದೆವು. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಜೆಲ್ ನಡುವೆ ಬಂದು ಕೂರುತ್ತದೆ, ಕಣ ಕೆಳಗೆ, ಸೀರಮ್ ಮೇಲೆ. ಆಮೇಲೆ ಫ್ರಿಜ್‌ಗೆ ಇಡು ಅಂದೆ. ಒಮ್ಮೆ ತಿರುಗಿಸಿದ ಜೆಲ್ ಟ್ಯೂಬನ್ನು ಇಲ್ಲಿಗೆ ಬಂದ ಮೇಲೆ ಮತ್ತೆ ತಿರುಗಿಸಬಾರದು ಅಂತ ನಮ್ಮವರಿಗೂ ಹೇಳಿದೆ. ತಿರುಗಿಸಿದರೆ ಕೆಳಗೆ ಉಳಿದ ನೀರಿನ ಪೊಟ್ಯಾಶಿಯಂ ಮೇಲಕ್ಕೆ ಬಂದುಬಿಡುತ್ತದೆ.

ಶುಗರ್ ಕಥೆ ಬೇರೆ. ಟ್ಯೂಬಿನ ಒಳಗೂ ಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಾ ಇರುತ್ತವೆ. ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್ ಇಳಿಯುತ್ತದೆ. ಬಿಸಿಲಿನಲ್ಲಿ ಇನ್ನೂ ಬೇಗ. ಬಿಳಿ ರಕ್ತಕಣ ವಿಪರೀತ ಏರಿದ ಲ್ಯುಕೇಮಿಯಾ ಪೇಷೆಂಟ್ ಆದರೆ ಹೇಳುವುದೇ ಬೇಡ. ಅದಕ್ಕೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು. ಅದರಲ್ಲಿ ಹಾಕಿದ ತಕ್ಷಣ ಎಲ್ಲ ನಿಂತುಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಫ್ಲೋರೈಡ್ ಪೂರ್ತಿ ಕೆಲಸ ಶುರು ಮಾಡಲು ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸ್ವಲ್ಪ ಇಳಿದೇ ಇಳಿಯುತ್ತದೆ. ಮುಂದೆ ಮಾತ್ರ ನಿಲ್ಲುತ್ತದೆ. 126ರ ಗಡಿಯಲ್ಲಿ ಇರುವ ಫಾಸ್ಟಿಂಗ್ ಶುಗರ್ ಅಷ್ಟರಲ್ಲೇ 120ಕ್ಕೆ ಬಂದು ಶುಗರ್ ಇಲ್ಲ ಅನ್ನಿಸಿಕೊಳ್ಳಬಹುದು. ನಾವು ಈಗ ಬೂದು ಟ್ಯೂಬನ್ನೂ ಸೆಂಟರ್‌ನಲ್ಲೇ ತಿರುಗಿಸಿ, ಮೇಲಿನ ಪ್ಲಾಸ್ಮಾ (ಹೆಪ್ಪುಗಟ್ಟದ ರಕ್ತದ ನೀರು) ಬೇರೆ ಟ್ಯೂಬಿಗೆ ಹಾಕಿ, ಆಮೇಲೆ ಕಳುಹಿಸಿ ಅನ್ನುತ್ತೇವೆ.

ಟ್ಯೂಬಿನ ಮೇಲೆ ಹೆಸರು, ವಯಸ್ಸಿನ ಜೊತೆ ರಕ್ತ ತೆಗೆದ ಸಮಯ ಬರೆಯುವುದನ್ನು ಕಡ್ಡಾಯ ಮಾಡಿದೆವು. ಇದಕ್ಕೆ ಬಂದಷ್ಟು ಗೊಣಗಾಟ ಬೇರೆ ಯಾವುದಕ್ಕೂ ಬರಲಿಲ್ಲ. ಸಮಯ ಬರೆಯದೆ ಬಂದ ಬೂದು ಟ್ಯೂಬನ್ನು ವಾಪಸ್ ಕಳುಹಿಸಲು ಶುರು ಮಾಡಿದ ಮೇಲೆ ಗೊಣಗಾಟ ನಿಂತಿತು, ಸಮಯ ಬರತೊಡಗಿತು.

ರಕ್ತ ತೆಗೆಯುವಾಗಲೇ ಕೆಡುವುದೂ ಉಂಟು. ತೋಳಿಗೆ ಟೂರ್ನಿಕೆ ಪಟ್ಟಿ ಬಿಗಿಯಾಗಿ ಕಟ್ಟಿ ನರ ಸಿಗುತ್ತಿಲ್ಲ ಅಂತ ಮೂರು ನಿಮಿಷ ತಡಕಾಡುತ್ತಾರೆ. "ಮುಷ್ಟಿ ಬಿಗಿ, ಬಿಡು, ಬಿಗಿ, ಬಿಡು" ಅನ್ನುತ್ತಾರೆ. ಹೀಗೆ ಮಾಡಿಸಿದರೆ ಆ ಕೈಯಲ್ಲೇ ಪೊಟ್ಯಾಶಿಯಂ ಏರುತ್ತದೆ. ಒಂದು ನಿಮಿಷದೊಳಗೆ ಸಿಗದಿದ್ದರೆ ಕಟ್ಟು ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೈ ನೋಡುವುದು ನನ್ನ ರೂಢಿ. ಸ್ಪಿರಿಟ್ ಒಣಗುವ ಮುಂಚೆ ಚುಚ್ಚಿದರೆ ಉರಿಯೂ ಹೌದು, ಕಣ ಒಡೆಯುವುದೂ ಹೌದು. ಸಿರಿಂಜಿನಲ್ಲಿ ತೆಗೆದವರು ಸೂಜಿ ಬಿಚ್ಚದೆ ಟ್ಯೂಬಿಗೆ ಜೋರಾಗಿ ಒತ್ತುತ್ತಾರಲ್ಲ, ಕೆಂಪು ಸೀರಮ್‌ಗಳಲ್ಲಿ ಎಷ್ಟೋ ಅಲ್ಲೇ ಹುಟ್ಟುತ್ತವೆ.

ಇನ್ನು ನೇರಳೆ ಮುಚ್ಚಳದ ಟ್ಯೂಬ್. ಅದರಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ, ಅದೂ ಪೊಟ್ಯಾಶಿಯಂ ಉಪ್ಪಿನ ರೂಪದಲ್ಲಿ. ಒಂದು ಸಲ ಒಬ್ಬ ಯಜಮಾನರ ರಿಪೋರ್ಟ್‌ನಲ್ಲಿ ಪೊಟ್ಯಾಶಿಯಂ 13, ಕ್ಯಾಲ್ಸಿಯಂ 3 ಚಿಲ್ಲರೆ. ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಪಾತಾಳಕ್ಕೆ. ಅವರು ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಈ ಮೂರೂ ಒಟ್ಟಿಗೆ ಹೀಗೆ ಬಂದರೆ ಬೇರೆ ಏನೂ ಹುಡುಕಬೇಕಿಲ್ಲ. ಕೆಂಪು ಟ್ಯೂಬಿಗೆ ರಕ್ತ ಸಾಲದೆ ಯಾರೋ ನೇರಳೆಯಿಂದ ಸುರಿದಿದ್ದಾರೆ ಅಂತಲೇ ಅರ್ಥ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಜೊತೆಗೆ ಪೊಟ್ಯಾಶಿಯಂ ಸೇರಿಸುತ್ತದೆ. ಅದಕ್ಕೇ, ಒಂದು ಟ್ಯೂಬಿನದು ಇನ್ನೊಂದಕ್ಕೆ ಸೇರದಂತೆ, ತುಂಬುವ ಕ್ರಮ ಗೋಡೆಗೆ ಬರೆದು ಅಂಟಿಸಿದ್ದೇನೆ: ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಬೂದು.

ನೀಲಿ ಟ್ಯೂಬಿನಲ್ಲಿ ಗೆರೆಯವರೆಗೆ ರಕ್ತ ತುಂಬಿದೆಯಾ ಅಂತ ನೋಡುವುದೇ ಮುಖ್ಯ. ಅದರಲ್ಲಿ ಹೆಪ್ಪು ತಡೆಯುವ ಸಿಟ್ರೇಟ್ ಇರುತ್ತದೆ, ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ. ಕಡಿಮೆ ಬಿದ್ದರೆ ಸಿಟ್ರೇಟ್ ಜಾಸ್ತಿಯಾಗಿ ಪಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಸುಳ್ಳೇ ಉದ್ದ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಡೋಸು ಆ ನಂಬರ್ ನೋಡಿಯೇ ನಿರ್ಧಾರ ಆಗುವುದು. ಪಿಟಿ ಟ್ಯೂಬಿಗೆ ಐಸ್ ಬೇಡ, ಮುಚ್ಚಳ ತೆಗೆಯದೆ ಹಾಗೇ ಬಸ್ಸಿನಲ್ಲಿ ಬಂದರೂ ನಡೆಯುತ್ತದೆ. ಎಪಿಟಿಟಿ ಅನ್ನುವ ಇನ್ನೊಂದು ಹೆಪ್ಪಿನ ಟೆಸ್ಟ್ ಆದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಆ ಟೆಸ್ಟ್ ಬೇಕಾದವರನ್ನು ನಾವು ಇಲ್ಲಿಗೇ ಕರೆಸುತ್ತೇವೆ.

ಕಷ್ಟ ಇರುವುದು ಸ್ಯಾಂಪಲ್ ಬೇಡ ಅನ್ನುವಾಗ. ಮತ್ತೆ ಚುಚ್ಚಬೇಕು, ಅಜ್ಜಿಯಂದಿರು "ಒಂದ್ ಸಲ ತಗೊಂಡ್ರಲ್ಲೋ ತಮ್ಮಾ, ಇನ್ನೆಷ್ಟು ಹೀರ್ತೀರಿ" ಅನ್ನುತ್ತಾರೆ. ಕೆಲವು ಡಾಕ್ಟರು "ಇರಲಿ, ನಂಬರ್ ಕೊಟ್ಟುಬಿಡಿ, ನಾನು ಅಂದಾಜು ಮಾಡ್ಕೋತೀನಿ" ಅಂತ ಫೋನಿನಲ್ಲೇ ಕೇಳುತ್ತಾರೆ. ನಾನು ಪೊಟ್ಯಾಶಿಯಂ ಜಾಗ ಖಾಲಿ ಬಿಟ್ಟು, "ಕಣ ಒಡೆದಿದೆ, ಮತ್ತೆ ಕಳುಹಿಸಿ" ಅಂತ ಬರೆದು, ಕೆಡದೇ ಇರುವ ಟೆಸ್ಟ್‌ಗಳನ್ನು ಮಾತ್ರ ಕೊಡುತ್ತೇನೆ. ಎರಡನೇ ಸಲ ರಕ್ತ ತೆಗೆದದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾಲೀಕರು ಮೊದಲು ಮುಖ ಸಿಂಡರಿಸಿದರು, ಈಗ ಕೇಳುವುದನ್ನೇ ಬಿಟ್ಟಿದ್ದಾರೆ.