ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ನಾಯಿಯ ಉಸಿರು ಎಣಿಸುವುದು ಹೇಗೆ?

ಕಳೆದ ಬೇಸಿಗೆ, ಮಧ್ಯಾಹ್ನದ ಹೊತ್ತು. ಕ್ಯಾತ್ಸಂದ್ರದ ಪರಿಚಯದವರೊಬ್ಬರು ಫೋನ್ ಮಾಡಿದರು. "ಅಕ್ಕಾ, ನಾಯಿ ಉಸಿರು ನಿಮಿಷಕ್ಕೆ ನೂರಿಪ್ಪತ್ತು ಬರ್ತಿದೆ, ಬೆಂಗಳೂರಿಗೆ ಹೊರಡ್ತಿದ್ದೀವಿ" ಎಂದರು. ಹೋಗಿ ನೋಡಿದರೆ ಲ್ಯಾಬ್ರಡಾರ್ ಆಗಷ್ಟೇ ಬಿಸಿಲಿನಿಂದ ಬಂದು ನಾಲಿಗೆ ಚಾಚಿ ತೇಕುತ್ತಿತ್ತು. ಅದನ್ನೇ ಎಣಿಸಿದ್ದರು. ಶಿರಾ ಗೇಟ್ ಕಡೆಯ ಇನ್ನೊಂದು ಮನೆಯಲ್ಲಿ ಇದರ ಉಲ್ಟಾ. ನಾಯಿ ನಾಲ್ಕು ರಾತ್ರಿ ಮಲಗಿದಲ್ಲೇ ಬೇಗ ಬೇಗ ಉಸಿರಾಡಿತ್ತು. ಕೀಮೋ ಸುಸ್ತು ಇರಬೇಕು ಎಂದು ಸುಮ್ಮನಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ನಾಯಿಗಳಲ್ಲಿ ಲಿಂಫೋಮಾದಂಥ ಕ್ಯಾನ್ಸರ್‌ಗೆ ಡಾಕ್ಸೊರುಬಿಸಿನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ನೋಡೋಕೆ ಕುಂಕುಮ ಕಲಸಿದ ನೀರಿನ ಹಾಗೆ ಕೆಂಪಗಿರುತ್ತದೆ. ಗಡ್ಡೆ ಕರಗಿಸುವ ಒಳ್ಳೆಯ ಔಷಧಿ ಇದು. ಆದರೆ ಡೋಸ್ ಸೇರುತ್ತಾ ಹೋದ ಹಾಗೆ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಹುದು. ಆಗ ಹೃದಯ ಹಿಗ್ಗಿ, ರಕ್ತ ತಳ್ಳುವ ಶಕ್ತಿ ಕಮ್ಮಿಯಾಗುತ್ತದೆ. ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ. ಕೆಮ್ಮು ಬರುವುದಕ್ಕೂ ಮೊದಲೇ ಎಷ್ಟೋ ಸಲ ನಿದ್ದೆಯಲ್ಲಿನ ಉಸಿರು ಜಾಸ್ತಿಯಾಗಿರುತ್ತದೆ. ಅದಕ್ಕೇ ಈ ಎಣಿಕೆ.

ಬೀದಿ ನಾಯಿಗಳಿಗೆ ಹರಡುವ ಜನನಾಂಗದ ಗಡ್ಡೆಗೆ ಸಾಮಾನ್ಯವಾಗಿ ಕೊಡುವುದು ವಿನ್‌ಕ್ರಿಸ್ಟಿನ್. ಅದು ಬೇರೆ ಔಷಧಿ. ನಿಮ್ಮ ನಾಯಿಗೆ ಯಾವುದು ಕೊಡುತ್ತಿದ್ದಾರೆ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 1. ಮೊದಲ ಇಂಜೆಕ್ಷನ್‌ಗೂ ಮುಂಚೆ ಇಸಿಜಿ ಮತ್ತು ಹೃದಯದ ಸ್ಕ್ಯಾನಿಂಗ್, ಅಂದರೆ ಎಕೊ, ಮಾಡಿಸಿ. ಡಾಬರ್‌ಮನ್, ಬಾಕ್ಸರ್, ಗ್ರೇಟ್ ಡೇನ್ ಸಾಕಿದವರು ಇದನ್ನು ಬಿಡಲೇಬಾರದು. ಈ ತಳಿಗಳಿಗೆ ಹೃದಯದ ಸ್ನಾಯುವಿನ ಕಾಯಿಲೆ ವಂಶದಿಂದಲೇ ಬರುವುದುಂಟು.

ಹೆಜ್ಜೆ 2. ಇನ್ನೂರು ಪುಟದ ನೋಟ್‌ಬುಕ್ ಒಂದು ಸಾಕು. ಪ್ರತಿ ಡೋಸಿನ ತಾರೀಖು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ಬರೆಯಿರಿ. ದೊಡ್ಡ ನಾಯಿಗೆ ಒಂದು ಸಲಕ್ಕೆ ದೇಹದ ಮೇಲ್ಮೈಯ ಒಂದು ಚದರ ಮೀಟರ್‌ಗೆ 30 ಮಿ.ಗ್ರಾಂ ಲೆಕ್ಕ. ಎಲ್ಲ ಡೋಸ್ ಸೇರಿ, ಇದೇ ಚದರ ಮೀಟರ್ ಲೆಕ್ಕದಲ್ಲಿ, 180ರಿಂದ 240 ಮಿ.ಗ್ರಾಂ ದಾಟದ ಹಾಗೆ ಡಾಕ್ಟರು ನೋಡಿಕೊಳ್ಳುತ್ತಾರೆ. ತುಮಕೂರಿನಲ್ಲಿ ಎರಡು ಡೋಸ್, ಬೆಂಗಳೂರಿನ ಹೆಬ್ಬಾಳದಲ್ಲಿ ಮೂರು ಅಂತ ಆದರೆ ಈ ಲೆಕ್ಕ ತಪ್ಪದಂತೆ ಕಾಯುವುದು ನಿಮ್ಮ ನೋಟ್‌ಬುಕ್ಕೇ.

ಹೆಜ್ಜೆ 3: ಎಣಿಸುವುದು. ಎಲ್ಲರೂ ಎಡವುವುದು ಇಲ್ಲೇ.

ನಾಯಿ ಗಾಢ ನಿದ್ದೆಯಲ್ಲಿರಬೇಕು. ಬರೀ ಮಲಗಿದ್ದರೆ ಸಾಲದು. ಬಾಯಿ ಮುಚ್ಚಿರಬೇಕು. ಕಾಲು ಒದರುತ್ತಾ, ಮೀಸೆ ಅದುರಿಸುತ್ತಾ, ಸಣ್ಣಗೆ ಕುಂಯ್ ಅನ್ನುತ್ತಿದ್ದರೆ ಅದು ಕನಸು ಕಾಣುತ್ತಿದೆ ಎಂದರ್ಥ. ಆಗ ಉಸಿರು ಏರುಪೇರಾಗುತ್ತದೆ. ಐದು ನಿಮಿಷ ಕಾಯಿರಿ. ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆ, ನೆಲ ತಣ್ಣಗಾದ ಮೇಲೆ ಎಣಿಸುವುದೇ ಸರಿ. ಚಿಕಿತ್ಸೆಯ ಜೊತೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದರೆ ಹಗಲಲ್ಲಿ ನಾಯಿ ಹೇಗೂ ತೇಕುತ್ತದೆ. ಹಗಲಿನ ಲೆಕ್ಕ ನಂಬಬೇಡಿ.

ಕೈ ಇಡಬೇಡಿ, ಹೆಸರು ಹಿಡಿದು ಕರೆಯಬೇಡಿ. ನಾಲ್ಕು ಅಡಿ ದೂರ ಕೂತು, ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆ ಶುರುವಾಗುವ ಜಾಗ ನೋಡಿ. ಅದು ಉಬ್ಬಿ ಇಳಿದರೆ ಒಂದು. ಉಬ್ಬಿದ್ದು ಒಂದು, ಇಳಿದದ್ದು ಎರಡು ಎಂದು ಎಣಿಸಿ ನಲವತ್ತೆಂಟು ಎಂದು ಗಾಬರಿಯಾದವರನ್ನು ಕಂಡಿದ್ದೇನೆ. ನಿಜವಾಗಿ ಅದು ಇಪ್ಪತ್ನಾಲ್ಕು. ಪೊಮೇರಿಯನ್‌ನಂಥ ದಟ್ಟ ಕೂದಲ ನಾಯಿಯಾದರೆ ಏನೂ ಕಾಣುವುದಿಲ್ಲ. ಅದರ ಪಕ್ಕೆಯ ಮೇಲೆ ಬಸ್ ಟಿಕೆಟ್ ಒಂದನ್ನು ಮೆಲ್ಲಗೆ ಇಡಿ. ಚೀಟಿ ಏಳುವುದು, ಇಳಿಯುವುದು ಜೀರೊ ಬಲ್ಬಿನ ಬೆಳಕಲ್ಲೂ ಕಾಣುತ್ತದೆ.

ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸುವ ಸುಲಭದ ದಾರಿ ಬೇಡ. ಒಂದು ತಪ್ಪಿದರೆ ಉತ್ತರದಲ್ಲಿ ಆರು ತಪ್ಪುತ್ತದೆ. ನಾನಂತೂ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಮನುಷ್ಯರ ಬೆರಳಿಗೆ ಹಾಕುವ ಆಕ್ಸಿಮೀಟರ್ ಅನ್ನು ನಾಯಿಯ ಪಾದಕ್ಕೆ ಸಿಕ್ಕಿಸಿ ನೋಡುವವರಿದ್ದಾರೆ. ಅದು ತೋರಿಸುವ ನಂಬರ್‌ಗೆ ಬೆಲೆಯೇ ಇಲ್ಲ. "ಹೃದಯಕ್ಕೆ ಬಲ" ಎಂದು ಮಾರುವ ಸಿರಪ್‌ಗಳಿಗೂ ದುಡ್ಡು ಹಾಕಬೇಡಿ. ಅದೇ ದುಡ್ಡು ಇನ್ನೊಂದು ಎಕೊಗೆ ಆಗುತ್ತದೆ.

ಹೆಜ್ಜೆ 4. ಇಂಜೆಕ್ಷನ್ ಶುರುವಾಗುವ ಮುಂಚಿನ ಮೂರು ರಾತ್ರಿಯ ಲೆಕ್ಕ ನಿಮ್ಮ ಅಳತೆಗೋಲು. ಆಮೇಲೆ ದಿನಾ ಒಂದು ಸಲ ಬರೆಯಿರಿ. ಕೊನೆಯ ಡೋಸ್ ಆಯಿತು ಎಂದು ನಿಲ್ಲಿಸಬೇಡಿ, ಏಕೆಂದರೆ ತೊಂದರೆ ತಿಂಗಳುಗಳ ನಂತರವೂ ತಲೆ ಎತ್ತಬಹುದು.

ಹೆಜ್ಜೆ 5. ನಿದ್ದೆಯಲ್ಲಿ ಉಸಿರು 30ರ ಒಳಗಿದ್ದರೆ ಸಾಮಾನ್ಯ. ದಾಟಿದರೆ ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ, ಆಗಲೂ ಹಾಗೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿದ್ದರೆ ಬೆಳಗಿನ ತನಕ ಕಾಯುವುದು ಬೇಡ. ಯಾವಾಗಲೂ 16 ಇರುತ್ತಿದ್ದ ನಾಯಿ ನಾಲ್ಕೈದು ರಾತ್ರಿ 27 ಬಂದರೂ ಹೇಳಿ. ತಲೆ ತಿರುಗಿ ಬೀಳುವುದು, ವಸಡು ಬಿಳಚಿಕೊಳ್ಳುವುದು, ಹೊಟ್ಟೆ ಊದಿಕೊಳ್ಳುವುದು, ಇವುಗಳಿಗೆ ಎಣಿಕೆಯೇ ಬೇಕಿಲ್ಲ, ಕೂಡಲೇ ಹೊರಡಿ.

ಅಜ್ಜನ ಬಿ.ಪಿ. ಡಬ್ಬಿಯಿಂದ ನೀರು ಇಳಿಸುವ ಮಾತ್ರೆ ತೆಗೆದು ಕೊಡಬೇಡಿ. ಡಾಕ್ಟರೇ ನೀರು ಇಳಿಸುವ ಫ್ಯುರೊಸೆಮೈಡ್ ಬರೆದುಕೊಟ್ಟರೆ ನಾಯಿ ಜಾಸ್ತಿ ಉಚ್ಚೆ ಹೊಯ್ಯುತ್ತದೆ. ಮನೆ ಒದ್ದೆಯಾಗುತ್ತದೆಂದು ನೀರಿನ ಬಟ್ಟಲು ಎತ್ತಿಟ್ಟರೆ ಕಿಡ್ನಿಗೆ ಏಟು ಬೀಳುತ್ತದೆ. ಹೃದಯ ರಕ್ತ ತಳ್ಳಲು ನೆರವಾಗುವ ಪಿಮೊಬೆಂಡಾನ್ ಮಾತ್ರೆ ಕೊಟ್ಟಿದ್ದರೆ ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ ಹಾಕಿ.

ಬೆಂಗಳೂರಿಗೆ ಹೊರಡಬೇಕಾದರೆ, ಅದು ಮಲಗಿರುವಾಗಲೇ ಪಕ್ಕೆ ಕಾಣುವ ಹಾಗೆ ಒಂದು ನಿಮಿಷದ ವಿಡಿಯೊ ಮಾಡಿಕೊಂಡು ಡಾಕ್ಟರಿಗೆ ಕಳಿಸಿ. ಎರಡು ಗಂಟೆ ಕಾರಲ್ಲಿ ಕೂತು, ಆಸ್ಪತ್ರೆಯ ಮೇಜು ಹತ್ತಿದ ನಾಯಿ ಭಯಕ್ಕೇ ತೇಕುತ್ತಿರುತ್ತದೆ. ಮನೆಯಲ್ಲಿ ಅದು ಹೇಗೆ ಉಸಿರಾಡುತ್ತಿತ್ತು ಎಂದು ಅವರಿಗೆ ಆ ವಿಡಿಯೊದಲ್ಲೇ ಕಾಣಬೇಕು.