ಬ್ಯಾಟರಿ ಬದಲಿಸಿದ ಮೇಲೆ ರಾತ್ರಿ ಕೂಗುತ್ತಿದ್ದ ಕಾರಿನ ಅಲಾರಂ: ಕೊನೆಗೂ ನೀರು ಹಾಕಿ ಸರಿಮಾಡಿದೆ

ಸುಮಾರು ಹನ್ನೊಂದು ರಾತ್ರಿ ನಿದ್ದೆ ಕೆಟ್ಟಿತ್ತು. ಈಗ ಆರು ವಾರವಾಯಿತು, ಕಾರು ಒಂದು ಸಲವೂ ಕೂಗಿಲ್ಲ. "ಮಾಡ್ಯೂಲ್ (ಅಲಾರಂ ನಡೆಸುವ ಕಂಟ್ರೋಲ್ ಪೆಟ್ಟಿಗೆ) ಹೋಗಿದೆ, ಎಷ್ಟು ಹುಡುಕಿದರೂ ದೋಷ ನಿಮಗೆ ಸಿಗಲ್ಲ" ಎಂದವನು ಒಬ್ಬ ಮೆಕ್ಯಾನಿಕ್. "ಸೈರನ್ ಫ್ಯೂಸ್ ಕಿತ್ತಿಟ್ಟು ಮಲಗಿ" ಎಂದವರಿಗೆ ಲೆಕ್ಕವೇ ಇಲ್ಲ. ಮಾಡ್ಯೂಲ್ ಹಳೆಯದೇ ಇದೆ. ಫ್ಯೂಸೂ ಅದರ ಜಾಗದಲ್ಲೇ ಇದೆ.

ಬ್ಯಾಟರಿ ಬದಲಿಸಿದ್ದು ನಾನೇ. ಹಳೆಯದರ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ದಪ್ಪಗೆ ಕೂತಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಧಾರಾಳವಾಗಿ ಸುರಿದು ಉಜ್ಜಿದೆ. ಈ ಸೋಡಾ ನೀರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಹೊಸದಕ್ಕೆ ನೆಗೆಟಿವ್ ವೈರ್ ಕೊನೆಗೆ ಹಾಕಿದೆ, ಟರ್ಮಿನಲ್ ಹಿಡಿಯುವ ಕ್ಲ್ಯಾಂಪ್ ಬಿಗಿ ಮಾಡಿದೆ. ಕೀ, ರೇಡಿಯೋ, ಕಿಟಕಿ ಎಲ್ಲಾ ಸರಿ ಇತ್ತು. ಅವತ್ತು ರಾತ್ರಿ ಎರಡರ ಹೊತ್ತಿಗೆ ಸೈರನ್ ಶುರುವಾಯಿತು.

ಮೊದಲ ಮೆಕ್ಯಾನಿಕ್ ಹೊಸ ಬ್ಯಾಟರಿಯೇ ಸರಿಯಿಲ್ಲ ಎಂದ. ನಾನು ಒಪ್ಪಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಅಳೆದರೆ 12.6 ವೋಲ್ಟ್, ಎಂಜಿನ್ ಓಡುವಾಗ 14.2. ಹೆಡ್‌ಲೈಟ್ ಹಾಕಿ ನೆಗೆಟಿವ್‌ಗೂ ಬಾಡಿಗೂ ನಡುವೆ ನೋಡಿದರೆ 0.1 ವೋಲ್ಟ್ ಕೂಡ ಇಲ್ಲ. ಇಷ್ಟಾದ ಮೇಲೆ ಬ್ಯಾಟರಿಯನ್ನಾಗಲಿ ಅರ್ಥಿಂಗನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ.

ಆಮೇಲೆ ನಾನೊಂದು ತಪ್ಪು ಖರ್ಚು ಮಾಡಿದೆ. ಸೈರನ್ ಒಳಗಿನ ಪುಟ್ಟ ಬ್ಯಾಟರಿ ಸೋರಿದೆ ಅಂದುಕೊಂಡು ಸೆಕೆಂಡ್‌ಹ್ಯಾಂಡ್ ಸೈರನ್ ತಂದೆ. ಹೊಸ ಬ್ಯಾಟರಿಗೆ ಕೊಟ್ಟಿದ್ದರ ಕಾಲುಭಾಗದಷ್ಟು ದುಡ್ಡು ಹೋಯಿತು. ರಾತ್ರಿ ಅದೂ ಕೂಗಿತು. ಆಗ ಹೊಳೆದದ್ದು ಇದು: ಸೈರನ್ ತಾನಾಗಿ ಕೆಟ್ಟು ಕೂಗಿದರೆ ಇಂಡಿಕೇಟರ್ ಯಾಕೆ ಮಿನುಗಬೇಕು? ನನ್ನ ಕಾರಿನಲ್ಲಿ ಎರಡೂ ಒಟ್ಟಿಗೆ ಶುರುವಾಗುತ್ತಿದ್ದವು. ಅಂದರೆ ಅಪ್ಪಣೆ ಬರುತ್ತಿದ್ದದ್ದು ಮಾಡ್ಯೂಲ್‌ನಿಂದ, ಮಾಡ್ಯೂಲ್‌ಗೆ ಯಾವುದೋ ಸ್ವಿಚ್ ಸುಳ್ಳು ಹೇಳುತ್ತಿತ್ತು. ಸೈರನ್ ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕಿತ್ತು.

ಬಾಗಿಲು, ಡಿಕ್ಕಿ ಎಲ್ಲಾ ನೋಡಿ, ಬಾನೆಟ್ ತೆರೆದಿದೆಯೇ ಎಂದು ಹೇಳುವ ಬಾನೆಟ್ ಸ್ವಿಚ್‌ಗೆ ಬಂದೆ. ಬಾನೆಟ್ ಎತ್ತಿಟ್ಟು, ಅದರ ಲ್ಯಾಚನ್ನು (ಬಾನೆಟ್ ಹಿಡಿಯುವ ಚಿಲಕ) ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದೆ. ಹೀಗೆ ಮಾಡಿದರೆ ಬಾನೆಟ್ ಹಾಕಿದೆ ಎಂದು ಕಾರು ನಂಬುತ್ತೆ. ಲಾಕ್ ಮಾಡಿ ಸಂಜೆಯಿಂದ ರಾತ್ರಿ ಹತ್ತರವರೆಗೆ ಪಕ್ಕದಲ್ಲೇ ಕೂತೆ. ಒಂದು ಸದ್ದಿಲ್ಲ. ಹಾಗಾಗಿ ಬಾನೆಟ್ ಸ್ವಿಚ್ ಸರಿ ಇದೆ ಎಂದು ಪಟ್ಟಿಯಿಂದ ಹೊಡೆದುಹಾಕಿದೆ. ಈ ಒಂದು ತೀರ್ಮಾನಕ್ಕೆ ಒಂದು ವಾರ ಹಾಳಾಯಿತು.

ಎರಡನೇ ಮೆಕ್ಯಾನಿಕ್ ಹೊಸ ಮಾಡ್ಯೂಲ್ ಮತ್ತು ಅದರ ಕೋಡಿಂಗ್‌ಗೆ (ಕಾರಿಗೆ ಹೊಂದಿಸುವ ಕೆಲಸ) ಹೇಳಿದ ಮೊತ್ತದಲ್ಲಿ ಅಂಥ ಮೂರು ಬ್ಯಾಟರಿ ಬರುತ್ತಿದ್ದವು. ಕೊಡೋಣ ಎಂದೇ ಇದ್ದೆ. ಹಿಂದಿನ ರಾತ್ರಿ ಕೊನೆಯ ಪ್ರಯತ್ನ ಮಾಡಿದೆ. ಬಾನೆಟ್ ಸ್ವಿಚ್ಚಿನ ವೈರ್ ಕನೆಕ್ಟರ್‌ಗೆ (ವೈರ್ ಸೇರಿಸುವ ಪ್ಲಗ್) ಹೋಗುವ ಕಡೆ ಹಿಂದಿನಿಂದ ಗುಂಡುಸೂಜಿ ತೂರಿಸಿ, ಅದರಿಂದ ತೆಳು ವೈರ್ ಹೊರಗೆ ತಂದು ಬಾನೆಟ್ ನಿಜವಾಗಿಯೇ ಹಾಕಿದೆ. ವೋಲ್ಟ್ ಅಳೆಯುವ ಮೀಟರ್ ಕಾರಿನ ಮುಂದಿನ ಗಾಜಿನ ಮೇಲೆ, ಎದುರಿಗೆ ಫೋನ್ ಕ್ಯಾಮೆರಾ. ನನ್ನ ಕಾರಿನಲ್ಲಿ ಬಾನೆಟ್ ಹಾಕಿದ್ದರೆ ಆ ವೈರ್‌ನಲ್ಲಿ 11ಕ್ಕಿಂತ ಜಾಸ್ತಿ ವೋಲ್ಟ್, ಎತ್ತಿದರೆ ಸೊನ್ನೆ. ಕೆಲವು ಕಾರುಗಳಲ್ಲಿ ಇದು ಉಲ್ಟಾ, ಮೊದಲು ನೋಡಿಕೊಳ್ಳಿ.

ಬೆಳಗ್ಗೆ ವಿಡಿಯೋ ಓಡಿಸಿದೆ. ರಾತ್ರಿ ಹನ್ನೆರಡರವರೆಗೆ 11.4 ವೋಲ್ಟ್ ಅಲ್ಲಾಡಿಲ್ಲ. ಒಂದು ಗಂಟೆಯ ಮೇಲೆ 10, ಆಮೇಲೆ 8, 7. ಮೀಟರ್ ಗಾಜಿನ ಮೇಲೆ ಇಬ್ಬನಿ ಹನಿ ಕಟ್ಟಿರುವುದೂ ಕಾಣುತ್ತಿತ್ತು. 4 ವೋಲ್ಟ್ ಹತ್ತಿರ ಬಂತು ನೋಡಿ, ಇಂಡಿಕೇಟರ್ ಬೆಳಕು ಪರದೆ ತುಂಬಾ ಹಳದಿಯಾಯಿತು. ಸ್ವಿಚ್ ಕೆಟ್ಟಿದ್ದರೆ ಒಂದೇ ಸಲ ಬೀಳಬೇಕಿತ್ತು. ನಿಧಾನಕ್ಕೆ ಇಳಿದಿದೆ ಎಂದರೆ ಅದು ಕರೆಂಟ್ ಸೋರಿಕೆ!

ಕನೆಕ್ಟರ್ ಬಿಚ್ಚಿದೆ. ಒಳಗೆ ಎರಡೇ ಪಿನ್, ಅವುಗಳ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಪೊರೆ. ನಾನೇ ಸುರಿದ ಸೋಡಾ ನೀರು ಹರಿದು ಅಲ್ಲಿಗೆ ಹೋಗಿ ಒಣಗಿ ಕೂತಿತ್ತು. ಒಣಗಿದ್ದಾಗ ಏನೂ ಆಗಲ್ಲ, ತೇವ ಎಳೆದುಕೊಂಡರೆ ಕರೆಂಟ್ ಹಾಯುತ್ತೆ. ಅದಕ್ಕೇ ಇಬ್ಬನಿ ಬೀಳುವ ಹೊತ್ತಿಗೇ ಕೂಗು. ಅದಕ್ಕೇ ಸ್ಕ್ರೂಡ್ರೈವರ್ ಪರೀಕ್ಷೆ ಸುಳ್ಳು ಹೇಳಿದ್ದು, ನಾನು ಕೂತದ್ದು ಒಣ ಸಂಜೆಯಲ್ಲಿ ಅಲ್ವಾ.

ಖಾತ್ರಿಗೆ ಮಟಮಟ ಮಧ್ಯಾಹ್ನ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರು ಸಿಂಪಡಿಸಿದೆ. ಐದು ನಿಮಿಷದಲ್ಲಿ ಸೈರನ್. ಹೇರ್ ಡ್ರೈಯರ್ ಹಿಡಿದರೆ ವೋಲ್ಟ್ ಮತ್ತೆ ಮೇಲೇರಿತು. ಇದನ್ನು ನಾಲ್ಕೈದು ಸಲ ಮಾಡಿ ನೋಡಿದೆ, ಅಷ್ಟು ಖುಷಿಯಾಗಿತ್ತು.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ನಾಲ್ಕು ರಾತ್ರಿ ನೆಮ್ಮದಿ, ಐದನೆಯದಕ್ಕೆ ಮತ್ತೆ ಕೂಗು. ಅದು ಎಣ್ಣೆ ಜಿಡ್ಡು ತೆಗೆಯುತ್ತೆ, ಸೋಡಾ ಉಪ್ಪನ್ನು ಕರಗಿಸಲ್ಲ. ಉಪ್ಪು ಕರಗಬೇಕಾದರೆ ನೀರೇ ಬೇಕು. ಕನೆಕ್ಟರ್‌ಗೆ ನೀರು ಹಾಕುತ್ತೇನೆ ಎಂದಾಗ ಎಲೆಕ್ಟ್ರಿಷಿಯನ್ ಗೆಳೆಯ "ತಲೆ ಕೆಟ್ಟಿದೆಯೇನೋ ನಿಂಗೆ?" ಎಂದ. ಬ್ಯಾಟರಿ ನೆಗೆಟಿವ್ ತೆಗೆದು, ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡೂ ಬದಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ಮೂರು ಸಲ ತೊಳೆದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯಿಸದ, ತೇವ ತಡೆಯುವ ಗ್ರೀಸ್) ತುಂಬಿದೆ. ಹಿಂಬದಿಯ ವೈರ್ ಬಾಯಿಗೆ ನೀರಿಳಿಯದಂತೆ ಒಂದು ಮುಚ್ಚಳವನ್ನೂ ಮಾಡಿದ್ದೇನೆ. ಅದನ್ನು ಮಾಡಿದ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ, ಒಂದು ಮಳೆಗಾಲ ತಡೆದರೆ ಹೇಳುತ್ತೇನೆ.

ಖರ್ಚು? ಡಿಸ್ಟಿಲ್ಡ್ ವಾಟರ್ ಮತ್ತು ಗ್ರೀಸ್ ಅಷ್ಟೇ. ಬೇಡದ ಸೈರನ್ ಬೇರೆ ಲೆಕ್ಕ, ಅದು ಇನ್ನೂ ಕಪಾಟಿನಲ್ಲಿದೆ. ಅದೇ ಗೆಳೆಯನಿಗೆ ವಿಡಿಯೋ ಕಳಿಸಿದೆ. ಮೂರು ಸಲ ನೋಡಿದನಂತೆ. ಹೋದ ವಾರ ಅವನ ಕಾರಿನ ಬ್ಯಾಟರಿ ಬದಲಿಸುವಾಗ ಕ್ಲ್ಯಾಂಪನ್ನು ಬಿಚ್ಚಿ ಡಬ್ಬದಲ್ಲಿ ಅದ್ದಿ ತೊಳೆದೆವು, ಬಾನೆಟ್ ಒಳಗೆ ಒಂದು ತೊಟ್ಟೂ ಸುರಿಯಲಿಲ್ಲ.