ತಿರುವನ್ನು ತಿದ್ದುವಾಗ ಸೂಪರ್‌ಎಲಿವೇಶನ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಹೊಸನಗರ ತಾಲ್ಲೂಕಿನ ಗುಡ್ಡಗಳ ನಡುವೆ ಹಾಯುವ ಜಿಲ್ಲಾ ರಸ್ತೆಯೊಂದರ ಅಗಲೀಕರಣಕ್ಕೆ ಸಿವಿಲ್ 3ಡಿ ತಂತ್ರಾಂಶದಲ್ಲಿ ವಿನ್ಯಾಸ ಸಿದ್ಧಪಡಿಸಿದ ಮೇಲೆ, ನಡುವಿನ ಒಂದು ತಿರುವಿನ ತ್ರಿಜ್ಯವನ್ನು 60 ಮೀಟರಿನಿಂದ 80 ಮೀಟರಿಗೆ ಹೆಚ್ಚಿಸಬೇಕಾಯಿತು. ರೇಖೆಯನ್ನು ತಿದ್ದುವುದು ಸುಲಭ. ಕಷ್ಟವಿದ್ದದ್ದು ಮುಂದಿನ ತಿರುವುಗಳಲ್ಲಿ ಕೈಯಾರೆ ಹೊಂದಿಸಿದ್ದ ಸೂಪರ್‌ಎಲಿವೇಶನ್ ಅನ್ನು, ಅಂದರೆ ತಿರುವಿನ ಹೊರ ಅಂಚನ್ನು ಎತ್ತರಿಸಿ ರಸ್ತೆಗೆ ಕೊಡುವ ಅಡ್ಡ ಓರೆಯನ್ನು, ಉಳಿಸಿಕೊಳ್ಳುವುದರಲ್ಲಿ. ಮಲೆನಾಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬರುವ ತಿರುವುಗಳ ನಡುವೆ ನೇರ ಭಾಗ ಅತ್ಯಲ್ಪವಾದ್ದರಿಂದ, ತಂತ್ರಾಂಶದ ಲೆಕ್ಕದಲ್ಲಿ ಒಂದರ ಓರೆ ಇಳಿದು ಮುಗಿಯುವ ಮೊದಲೇ ಇನ್ನೊಂದರದು ಏರತೊಡಗುತ್ತದೆ. ಅಂಥಲ್ಲಿ ಓರೆ ಬದಲಾಗುವ ಚೈನೇಜ್‌ಗಳನ್ನು (ರಸ್ತೆಯ ಆರಂಭದಿಂದ ಅಳೆದ ದೂರಗಳನ್ನು) ನಾವೇ ಹೊಂದಿಸಿರುತ್ತೇವೆ; ಇಡೀ ರಸ್ತೆಗೆ ಮತ್ತೊಮ್ಮೆ ಲೆಕ್ಕ ಹಾಕಿಸಿದರೆ ಆ ಹೊಂದಾಣಿಕೆಯೆಲ್ಲ ಅಳಿಸಿಹೋಗುತ್ತದೆ.

ಆದ್ದರಿಂದ ಮೊದಲು ಸೂಪರ್‌ಎಲಿವೇಶನ್ ಕೋಷ್ಟಕವನ್ನು ಸ್ಪ್ರೆಡ್‌ಶೀಟಿಗೆ ತೆಗೆದುಕೊಂಡೆ. ಅದರಲ್ಲಿ ಇನ್ನೊಂದು ಅಂಕಣ ಸೇರಿಸಿ, ಪ್ರತಿ ಚೈನೇಜ್ ತನ್ನ ತಿರುವಿನ ಆರಂಭ ಬಿಂದುವಿನಿಂದ ಎಷ್ಟು ದೂರವಿದೆ ಎಂದು ಬರೆದುಕೊಂಡೆ. ಓರೆ ಸೇರಿರುವುದು ತಿರುವಿಗೇ ಹೊರತು ಚೈನೇಜ್ ಸಂಖ್ಯೆಗಲ್ಲ. 90 ಡಿಗ್ರಿ ಹೊರಳುವ ಸರಳ ತಿರುವಿನಲ್ಲಿ, ಸ್ಪೈರಲ್‌ಗಳನ್ನು (ನೇರ ರಸ್ತೆಯನ್ನು ತಿರುವಿಗೆ ನಿಧಾನವಾಗಿ ಸೇರಿಸುವ ಭಾಗಗಳನ್ನು) ಬಿಟ್ಟು ಲೆಕ್ಕ ಹಾಕಿದರೂ, ಈ ಬದಲಾವಣೆಯಿಂದ ರಸ್ತೆ ಸುಮಾರು 8.6 ಮೀಟರ್ ಮೊಟಕಾಗುತ್ತದೆ. ಅಲ್ಲಿಂದ ಮುಂದಿನ ಚೈನೇಜ್‌ಗಳೆಲ್ಲ ಅಷ್ಟೇ ಹಿಂದೆ ಸರಿಯುತ್ತವೆ.

ಹಳೆಯ ತಿರುವನ್ನು ಅಳಿಸಿ ಹೊಸದನ್ನು ಎಳೆಯುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಅದಕ್ಕೆ ಅಂಟಿದ ದತ್ತಾಂಶವೂ ಹೋಗುವುದರಿಂದ, ನಾನು ಇದ್ದ ತಿರುವಿನ ತ್ರಿಜ್ಯದ ಮೌಲ್ಯವನ್ನಷ್ಟೇ ಬದಲಿಸಿದೆ. ಬಳಿಕ ಆ ಒಂದು ತಿರುವಿಗೆ ಹೊಸ ಮೌಲ್ಯಗಳನ್ನು ಕಂಡುಕೊಂಡೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಸೂತ್ರದಂತೆ ಓರೆಗೆ ವೇಗದ ವರ್ಗವನ್ನು ತ್ರಿಜ್ಯದ 225 ಪಟ್ಟಿನಿಂದ ಭಾಗಿಸಬೇಕು. ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ 60 ಮೀಟರಿನ ತಿರುವಿನಲ್ಲಿ ಶೇಕಡಾ 11.9 ಬರುತ್ತಿದ್ದುದರಿಂದ, ಹಿಮ ಬೀಳದ ಗುಡ್ಡಗಾಡಿನ ಮಿತಿಯಾದ ಶೇಕಡಾ 10ಕ್ಕೆ ನಿಲ್ಲಿಸಿದ್ದೆವು. 80 ಮೀಟರಿಗೆ ಅದು ಶೇಕಡಾ 8.9 ಆಗುತ್ತದೆ. ಗುಡ್ಡಗಾಡಿನ ಸೂತ್ರದ ಪ್ರಕಾರ ಸ್ಪೈರಲ್‌ನ ಕನಿಷ್ಠ ಉದ್ದವೂ ಸುಮಾರು 27 ಮೀಟರಿನಿಂದ 20ಕ್ಕೆ ಇಳಿಯುತ್ತದೆ. ಉಳಿದ ತಿರುವುಗಳಿಗೆ ಹೊಸ ಆರಂಭ ಬಿಂದುವಿಗೆ ಹಳೆಯ ದೂರವನ್ನು ಕೂಡಿಸಿ, ಕೋಷ್ಟಕವನ್ನು ಸಿಎಸ್‌ವಿ ಕಡತವಾಗಿ ಮರಳಿ ಸೇರಿಸಿದೆ.

ಕೊನೆಗೆ ಕಾರಿಡಾರ್ ಅನ್ನು (ತಂತ್ರಾಂಶದಲ್ಲಿನ ರಸ್ತೆಯ ಮೂರು ಆಯಾಮದ ಮಾದರಿಯನ್ನು) ಹೊಸದಾಗಿ ಕಟ್ಟಿಸಿ, ಪ್ರತಿ ತಿರುವಿನ ಕ್ರಾಸ್ ಸೆಕ್ಷನ್ ನೋಡಿದೆ. ಇದನ್ನು ಬಿಡುವಂತಿಲ್ಲ, ಏಕೆಂದರೆ ದತ್ತಾಂಶ ಸಿಗದಿದ್ದರೆ ತಂತ್ರಾಂಶವು ಸದ್ದಿಲ್ಲದೆ ಮಾಮೂಲಿ ಕ್ಯಾಂಬರನ್ನೇ (ನಡುವಿನಿಂದ ಎರಡೂ ಅಂಚಿಗೆ ಇಳಿಯುವ ಓರೆಯನ್ನೇ) ಹಾಕಿಬಿಡಬಹುದು. ಆಗ ಕಣಿವೆಯ ಕಡೆಗಿರುವ ಹೊರ ಅಂಚು ಏರುವ ಬದಲು ಇಳಿಯುತ್ತದೆ. ಹೊರ ಅರ್ಧವು ಸಮತಟ್ಟಾಗುವ ಚೈನೇಜ್‌ನಲ್ಲಿ ರಸ್ತೆಯ ಉದ್ದಕ್ಕಾದರೂ ಇಳಿಜಾರು ಇದೆಯೇ ಎಂದು ಪ್ರೊಫೈಲ್‌ನೊಂದಿಗೆ (ರಸ್ತೆಯುದ್ದದ ಏರಿಳಿತದ ರೇಖೆಯೊಂದಿಗೆ) ತಾಳೆ ನೋಡಿದೆ. ಅಡ್ಡ ಓರೆ, ಉದ್ದದ ಇಳಿಜಾರು ಎರಡೂ ಇಲ್ಲದಿದ್ದರೆ ಈ ಭಾಗದ ಮಳೆಗೆ ಅಲ್ಲಿ ನೀರು ನಿಂತು ಡಾಂಬರು ಏಳುತ್ತದೆ.